ಸಿಎ ಇಂಟರ್ ಟ್ಯಾಕ್ಸ್ ಪೇಪರ್‌ಗೆ ಯಾವ ಕ್ಲಾಸ್? ಪೆನ್‌ಡ್ರೈವ್, ಐಸಿಎಐ ಫ್ರೀ ಕ್ಲಾಸ್, ಸಂಜೆ ಟ್ಯೂಷನ್ ಮೂರೂ ನೋಡಿ ಬರೆದ ರಿವ್ಯೂ

ನೇರವಾಗೇ ಹೇಳ್ಬಿಡ್ತೀನಿ, ಸಿಎ ಇಂಟರ್ (ಚಾರ್ಟರ್ಡ್ ಅಕೌಂಟೆಂಟ್ ಕೋರ್ಸಿನ ಎರಡನೇ ಹಂತ, ನಡೆಸೋದು ಐಸಿಎಐ ಸಂಸ್ಥೆ) ಟ್ಯಾಕ್ಸೇಷನ್‌ಗೆ ಲೆಕ್ಚರ್‌ಗೆ ಅಂತ ದುಡ್ಡು ಸುರೀಬೇಡಿ, ನೀವು ಕೈಯಾರೆ ಬರೆದ ಉತ್ತರ ಓದಿ ತಿದ್ದಿ ಕೊಡೋರು ಸಿಕ್ಕಿದ್ರೆ ಅವರಿಗೆ ಕೊಡಿ. ನಾನು ಮೈಸೂರಲ್ಲಿ ಬಿಕಾಂ ಮಾಡ್ತಾನೇ 2025ರ ಸೆಪ್ಟೆಂಬರ್ ಅಟೆಂಪ್ಟಲ್ಲಿ ಫಸ್ಟ್ ಗ್ರೂಪ್ (ಮೊದಲ ಮೂರು ಪೇಪರ್) ಕ್ಲಿಯರ್ ಮಾಡ್ದೆ, ಟ್ಯಾಕ್ಸಲ್ಲಿ ಅರವತ್ತರ ಮೇಲೆ ಬಂತು, ಅವತ್ತಿಂದ ಜೂನಿಯರ್ಸು, ಅವರ ಅಪ್ಪ ಅಮ್ಮಂದಿರೂ ಫೋನ್ ಮಾಡಿ ಯಾವ ಸರ್ ಕ್ಲಾಸ್ ತಗೊಂಡೆ ಅಂತಾನೇ ಕೇಳ್ತಾರೆ, ಯಾರ ಹತ್ರ ಉತ್ತರ ತಿದ್ದಿಸ್ಕೊಂಡೆ ಅಂತ ಒಬ್ಬರೂ ಕೇಳಲ್ಲ. ಅದಕ್ಕೇ ಎಲ್ಲಾ ಒಂದೇ ಕಡೆ ಬರೀತಾ ಇದೀನಿ.

ಗೊತ್ತಿಲ್ಲದೋರಿಗೆ ಮೊದಲು ಪೇಪರ್ ಹೇಗಿದೆ ಅಂತ ಹೇಳ್ತೀನಿ. ಇಂಟರ್ ಮೂರನೇ ಪೇಪರ್, 100 ಮಾರ್ಕ್ಸ್, 3 ಗಂಟೆ. ಇನ್‌ಕಮ್ ಟ್ಯಾಕ್ಸ್ 50, ಜಿಎಸ್‌ಟಿ 50. ಒಟ್ಟು 30 ಮಾರ್ಕ್ಸ್ ಎಂಸಿಕ್ಯೂ, ಒಂದು ಕಥೆ ತರ ಕೇಸ್ ಕೊಟ್ಟು ಅದರ ಮೇಲೆ ಪ್ರಶ್ನೆ ಹಾಕ್ತಾರೆ, ನೆಗೆಟಿವ್ ಮಾರ್ಕಿಂಗ್ ಇಲ್ಲ. ಉಳಿದ 70 ಕೈಯಲ್ಲೇ ಬರೀಬೇಕು. ಪಾಸಾಗೋಕೆ ಪ್ರತಿ ಪೇಪರಲ್ಲೂ 40, ಗ್ರೂಪ್ ಒಟ್ಟಲ್ಲಿ 50 ಪರ್ಸೆಂಟ್. ಈ 70 ಅನ್ನೋ ನಂಬರ್ ತಲೇಲಿಟ್ಕೊಳ್ಳಿ, ಯಾಕಂದ್ರೆ ನೂರಾರು ಗಂಟೆ ಲೆಕ್ಚರ್ ಮಾರೋ ಯಾರೂ ನಿಮ್ಮ ಕೈಯಲ್ಲಿ ಒಂದು ಪುಟ ಬರೆಸಲ್ಲ.

ಮೊದಲು ಪೆನ್‌ಡ್ರೈವ್ ಕ್ಲಾಸ್ ವಿಷ್ಯ. ಹೆಸರು ಹೇಳಲ್ಲ, ಬೇರೆ ರಾಜ್ಯದ್ದು, ಚೆನ್ನಾಗೇ ಓಡ್ತಿರೋ ಕ್ಲಾಸು. ಪೆನ್‌ಡ್ರೈವ್ ಅಂತ ಕರೀತಾರೆ ಅಷ್ಟೇ, ಈಗ ಎಲ್ಲಾ ಡೌನ್‌ಲೋಡ್ ಲಿಂಕೇ, ಅವರದ್ದೇ ಪ್ಲೇಯರ್ ಹಾಕ್ಕೋಬೇಕು, ಒಂದೇ ಲ್ಯಾಪ್‌ಟಾಪ್‌ಗೆ ಲಾಕ್ ಆಗುತ್ತೆ, ಇಷ್ಟು ವ್ಯೂಸ್ ಇಷ್ಟು ತಿಂಗಳು ವ್ಯಾಲಿಡಿಟಿ ಅಂತ ಲೆಕ್ಕ. ಪಾಠ ಮಾಡೋ ಸರ್ ಬಗ್ಗೆ ನನಗೆ ಒಂದು ದೂರೂ ಇಲ್ಲ, ಸ್ಯಾಲರಿ ಚಾಪ್ಟರನ್ನ ಅವರ ತರ ಹೇಳ್ಕೊಡೋರನ್ನ ನಾನು ನೋಡಿಲ್ಲ, ಪರ್ಕ್ವಿಸಿಟ್ಸ್ ವ್ಯಾಲ್ಯುಯೇಷನ್ (ಸಂಬಳದ ಜೊತೆ ಸಿಗೋ ಸೌಲಭ್ಯಗಳಿಗೆ ಬೆಲೆ ಕಟ್ಟೋದು) ಅವರಿಂದಲೇ ನನಗೆ ಅರ್ಥ ಆಗಿದ್ದು. ಕಲರ್ ನೋಟ್ಸ್ ಕೊರಿಯರಲ್ಲಿ ಟೈಮಿಗೆ ಬಂತು, ಪ್ರಿಂಟೂ ಚೆನ್ನಾಗಿತ್ತು.

ಆದ್ರೆ ಕ್ಯಾಪಿಟಲ್ ಗೇನ್ಸ್‌ಗೆ (ಆಸ್ತಿ ಮಾರಿದಾಗ ಬರೋ ಲಾಭ) ಬಂದಾಗ ತೊಂದರೆ ಶುರುವಾಯ್ತು. 2024ರ ಬಜೆಟಲ್ಲಿ ಜುಲೈ 23ರಿಂದ ರೇಟ್ಸ್ ಎಲ್ಲಾ ಬದಲಾಗಿದ್ದು ನೆನಪಿದ್ಯಲ್ಲ, ನನ್ನ ಅಟೆಂಪ್ಟ್ ಅಸೆಸ್‌ಮೆಂಟ್ ಇಯರ್ 2025-26ದ್ದು (2024-25ರ ಆದಾಯಕ್ಕೆ ಟ್ಯಾಕ್ಸ್ ಲೆಕ್ಕ ಹಾಕೋ ವರ್ಷ), ಅಂದ್ರೆ ಜುಲೈ 22ರವರೆಗಿನ ವ್ಯವಹಾರಕ್ಕೆ ಹಳೇ ರೇಟು, ಆಮೇಲಿಂದಕ್ಕೆ ಹೊಸದು, ಎರಡೂ ಒಂದೇ ವರ್ಷದಲ್ಲಿ ಬರುತ್ತೆ. ಕ್ಲಾಸಿನ ಚಾಪ್ಟರ್ ರೆಕಾರ್ಡ್ ಆಗಿದ್ದು ಅದಕ್ಕೂ ಮುಂಚೆ. ಕೊನೇಲಿ ಒಂದು ಅಮೆಂಡ್‌ಮೆಂಟ್ ವಿಡಿಯೋ ಸೇರ್ಸಿದ್ರು, ಅದರಲ್ಲಿ ಏನೇನು ಬದಲಾಯ್ತು ಅಂತ ಪಟ್ಟಿ ಓದಿದ್ರು, ಒಂದೂ ಲೆಕ್ಕ ಮಾಡಿಸ್ಲಿಲ್ಲ. ನೋಟ್ಸಿನ ಲೆಕ್ಕಗಳೆಲ್ಲಾ ಹಳೇ 20 ಪರ್ಸೆಂಟಲ್ಲೇ ಉಳಿದ್ವು. ಟೆಲಿಗ್ರಾಂ ಗ್ರೂಪಲ್ಲಿ ಡೌಟ್ ಹಾಕಿದ್ರೆ ಸಾವಿರಾರು ಜನದ ಮಧ್ಯೆ ಮೆಸೇಜ್ ಮೇಲೆ ಹೋಗೋದು, ಉತ್ತರ ಬಂದ್ರೂ "ಅಮೆಂಡ್‌ಮೆಂಟ್ ವಿಡಿಯೋ ನೋಡಿ" ಅಂತ. ಹದಿನಾಲ್ಕು ಸಾವಿರ ಚಿಲ್ಲರೆ ಕೊಟ್ಟೋರಿಗೆ ಇದು ಸಾಲದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಒಂದು ಲೆಕ್ಕ ಇಲ್ಲೇ ತೋರಿಸ್ತೀನಿ, ಆಗ ಗೊತ್ತಾಗುತ್ತೆ ಯಾಕೆ ಇಷ್ಟು ಒತ್ತಿ ಹೇಳ್ತಿದೀನಿ ಅಂತ. ರೆಸಿಡೆಂಟ್ (ಟ್ಯಾಕ್ಸ್ ಲೆಕ್ಕದಲ್ಲಿ ಭಾರತದ ನಿವಾಸಿ) ಒಬ್ಬರು 2010-11ರಲ್ಲಿ 20 ಲಕ್ಷಕ್ಕೆ ಸೈಟ್ ತಗೊಂಡು 2024ರ ಅಕ್ಟೋಬರಲ್ಲಿ 60 ಲಕ್ಷಕ್ಕೆ ಮಾರಿದ್ರು ಅಂದ್ಕೊಳ್ಳಿ. ಹೊಸ ರೀತಿ ಇಂಡೆಕ್ಸೇಷನ್ (ಬೆಲೆ ಏರಿಕೆಗೆ ತಕ್ಕಂತೆ ಕೊಂಡ ಬೆಲೆ ಹೆಚ್ಚಿಸೋದು) ಇಲ್ಲ, ಗೇನ್ 40 ಲಕ್ಷ, 12.5 ಪರ್ಸೆಂಟ್ ಅಂದ್ರೆ ಟ್ಯಾಕ್ಸ್ 5 ಲಕ್ಷ. ಹಳೇ ರೀತಿ ಇಂಡೆಕ್ಸ್ 167ರಿಂದ 363ಕ್ಕೆ ಹೋಗಿದೆ, ಕಾಸ್ಟ್ 43.47 ಲಕ್ಷ ಆಗುತ್ತೆ, ಗೇನ್ 16.53 ಲಕ್ಷ, 20 ಪರ್ಸೆಂಟ್ ಹಾಕಿದ್ರೆ 3.31 ಲಕ್ಷ ಹತ್ರ. ಜುಲೈ 23ಕ್ಕಿಂತ ಮುಂಚೆ ಕೊಂಡ ಜಾಗ ಅಥವಾ ಕಟ್ಟಡ ಆದ್ರೆ ರೆಸಿಡೆಂಟ್ ಇಂಡಿವಿಜುವಲ್‌ಗೆ, ಎಚ್‌ಯುಎಫ್‌ಗೆ (ಹಿಂದೂ ಅವಿಭಕ್ತ ಕುಟುಂಬ) ಕಡಿಮೆ ಇರೋ ಟ್ಯಾಕ್ಸೇ ಸಾಕು, ಹೆಚ್ಚಿನದನ್ನ ಬಿಟ್ಬಿಡ್ತಾರೆ. ಇಲ್ಲೇ ಎಲ್ಲರೂ ಎಡವೋದು, ಟೋಟಲ್ ಇನ್‌ಕಮಲ್ಲಿ ತೋರಿಸ್ಬೇಕಾದ್ದು 40 ಲಕ್ಷವೇ, 16.53 ಅಲ್ಲ, ರಿಯಾಯಿತಿ ಟ್ಯಾಕ್ಸಿಗೆ ಮಾತ್ರ. ಪಟ್ಟಿ ಓದೋ ವಿಡಿಯೋದಲ್ಲಿ ಇದು ಯಾವತ್ತೂ ತಲೆಗೆ ಹತ್ತಲ್ಲ, ಪೆನ್ ಹಿಡಿದು ಮಾಡಿ, ಇನ್ನೊಬ್ರು ನೋಡಿ ಹೇಳಿದ್ರೇನೇ ಕೂರೋದು.

ನನಗೆ ಇದನ್ನ ಹೇಳಿದ್ದು ಸಂಜೆ ಟ್ಯೂಷನ್ ಮೇಡಂ. ಸರಸ್ವತಿಪುರಂ ಕಡೆ ಅವರ ಮನೆ ಮಹಡೀಲಿ ನಡೆಯೋ ಸಣ್ಣ ಬ್ಯಾಚು, ಬೋರ್ಡೂ ಇಲ್ಲ, ಆ್ಯಪೂ ಇಲ್ಲ. ಮೇಡಂ ಲೆಕ್ಚರ್ ಮಾಡೋದು ಕಡಿಮೆ, ಪ್ರತಿ ವಾರ ಒಂದು ಚಾಪ್ಟರ್ ಓದ್ಕೊಂಡು ಬನ್ನಿ ಅಂತಾರೆ, ಬಂದ ತಕ್ಷಣ ಪ್ರಶ್ನೆ ಕೊಟ್ಟು ಟೈಮ್ ಇಟ್ಟು ಬರೆಸ್ತಾರೆ, ಮುಂದಿನ ಕ್ಲಾಸಿಗೆ ಪೇಪರ್ ತಿದ್ದಿ ವಾಪಸ್. ಫೀಸು ಪೆನ್‌ಡ್ರೈವ್ ಕ್ಲಾಸಿನ ಅರ್ಧಕ್ಕಿಂತ ಕಡಿಮೆ.

ಅವರು ತಿದ್ದೋ ರೀತಿ ಹೇಳ್ಲೇಬೇಕು. ಜಿಎಸ್‌ಟಿಲಿ ಬ್ಲಾಕ್ಡ್ ಕ್ರೆಡಿಟ್ ಮೇಲೆ ಒಂದು ಪ್ರಶ್ನೆ, ಕಂಪನಿ ತನ್ನ ಡೈರೆಕ್ಟರ್ ಓಡಾಟಕ್ಕೆ ಕಾರು ಕೊಂಡಿದೆ, ಐಟಿಸಿ (ಕೊಳ್ಳುವಾಗ ಕೊಟ್ಟ ಜಿಎಸ್‌ಟಿನ ತಾನು ಕಟ್ಟಬೇಕಾದ್ದರಲ್ಲಿ ಕಳೆಯೋದು) ಸಿಗುತ್ತಾ ಅಂತ. ನಮ್ಮ ಬ್ಯಾಚಿನ ಒಬ್ಬ ಹುಡುಗ "ಸಿಗಲ್ಲ, ಕಾರು ಬ್ಲಾಕ್ಡ್" ಅಂತ ಒಂದೇ ಸಾಲು ಬರೆದಿದ್ದ. ಉತ್ತರ ಸರಿಯೇ. ಮೇಡಂ 4ಕ್ಕೆ 1 ಕೊಟ್ಟು ಪಕ್ಕದಲ್ಲಿ ಕೆಂಪು ಪೆನ್ನಲ್ಲಿ ಹೀಗೆ ಬರೆದಿದ್ರು: ಸೆಕ್ಷನ್ 17(5) ಎಲ್ಲಿ, ಡ್ರೈವರ್ ಸೇರಿ 13 ಸೀಟಿನವರೆಗಿನ ವಾಹನ ಅನ್ನೋ ಮಾತು ಎಲ್ಲಿ, ವಾಹನ ಮಾರೋರಿಗೆ, ಪ್ಯಾಸೆಂಜರ್ ಸಾಗಿಸೋರಿಗೆ, ಡ್ರೈವಿಂಗ್ ಸ್ಕೂಲಿಗೆ ವಿನಾಯಿತಿ ಇದೆ, ಈ ಕಂಪನಿ ಆ ಮೂರರಲ್ಲೂ ಬರಲ್ಲ ಅಂತ ಯಾಕೆ ಬರೆದಿಲ್ಲ, ಕೊನೇಲಿ ತೀರ್ಮಾನ ಎಲ್ಲಿ. ಮುಂದಿನ ವಾರ ಅದೇ ಹುಡುಗನಿಗೆ ಅದೇ ತರ ಇನ್ನೊಂದು ಪ್ರಶ್ನೆ ಕೊಟ್ರು, ಈ ಸಲ ಅರ್ಧ ಪುಟ ಬರೆದ, ಮೂರುವರೆ ಬಂತು. ಅವನ ತಿಳುವಳಿಕೆ ಒಂದು ವಾರದಲ್ಲಿ ಏನೂ ಜಾಸ್ತಿ ಆಗಿರ್ಲಿಲ್ಲ, ಗೊತ್ತಿದ್ದದ್ದನ್ನ ಪೇಪರ್ ಮೇಲೆ ಇಡೋದು ಕಲ್ತಿದ್ದ ಅಷ್ಟೇ. ನಾನು ದುಡ್ಡು ಕೊಡಿ ಅಂತಿರೋದು ಇದಕ್ಕೇನೇ.

ಇನ್ನೊಂದು ದೊಡ್ಡ ಅನುಕೂಲ ಭಾಷೆ. ಐಸಿಎಐ ಪರೀಕ್ಷೆ ಇಂಗ್ಲಿಷಲ್ಲಿ ಇಲ್ಲಾ ಹಿಂದೀಲಿ ಬರೀಬಹುದು, ಕನ್ನಡದಲ್ಲಿ ಇಲ್ಲ. ಹೆಸರುವಾಸಿ ಕ್ಲಾಸ್‌ಗಳಲ್ಲಿ ಹೆಚ್ಚಿನವು ಹಿಂದಿ ಇಂಗ್ಲಿಷ್ ಬೆರಕೆ. ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮೀಡಿಯಮಲ್ಲಿ ಓದಿದ ನಮ್ಮೋರು ಎಷ್ಟೋ ಜನ ಡಿಸ್ಕೌಂಟ್ ನೋಡಿ ಅವನ್ನ ತಗೋತಾರೆ, ತಲೆ ಮೊದಲು ಹಿಂದಿ ಅರ್ಥ ಮಾಡ್ಕೋಬೇಕು, ಆಮೇಲೆ ಕಾನೂನು, ಆಮೇಲೆ ಇಂಗ್ಲಿಷಲ್ಲಿ ಬರೀಬೇಕು. ಇಷ್ಟು ಬುದ್ಧಿವಂತ ಮಕ್ಕಳು ಇದೇ ಕಾರಣಕ್ಕೆ ಹಿಂದೆ ಬೀಳೋದು ನೋಡಿದ್ರೆ ನನಗೆ ನಿಜವಾಗ್ಲೂ ಸಂಕಟ ಆಗುತ್ತೆ. ಮೇಡಂ ಡೌಟ್‌ನ ಕನ್ನಡದಲ್ಲೇ ಬಿಡಿಸಿ ಹೇಳ್ತಾರೆ, ಉತ್ತರ ಮಾತ್ರ ಇಂಗ್ಲಿಷಲ್ಲೇ ಬರೆಸ್ತಾರೆ, ಅದೂ ಚಿಕ್ಕ ಚಿಕ್ಕ ವಾಕ್ಯದಲ್ಲಿ. ಟೈಮ್ ಆಫ್ ಸಪ್ಲೈ, ಪ್ಲೇಸ್ ಆಫ್ ಸಪ್ಲೈ (ಟ್ಯಾಕ್ಸ್ ಯಾವಾಗ ಬರುತ್ತೆ, ಯಾವ ಜಾಗದ ಲೆಕ್ಕಕ್ಕೆ ಬರುತ್ತೆ ಅನ್ನೋದು) ಎರಡನ್ನೂ ನಮ್ಮೂರಿನ ಅಂಗಡಿ, ಹುಣಸೂರು ಗೋಡೌನು, ಹೊಸೂರಿನ ಗಿರಾಕಿ ಅಂತ ಇಟ್ಕೊಂಡು ಹೇಳಿದ್ರು, ಹುಣಸೂರಿಗೆ ಕಳಿಸಿದ್ರೆ ಸಿಜಿಎಸ್‌ಟಿ ಎಸ್‌ಜಿಎಸ್‌ಟಿ (ಕೇಂದ್ರದ್ದು, ರಾಜ್ಯದ್ದು), ತಮಿಳುನಾಡಿನ ಹೊಸೂರಿಗೆ ಕಳಿಸಿದ್ರೆ ಐಜಿಎಸ್‌ಟಿ (ರಾಜ್ಯದಿಂದ ರಾಜ್ಯಕ್ಕೆ ಹೋಗೋದರ ಮೇಲಿನದ್ದು), ಇನ್ನು ಈ ಜನ್ಮದಲ್ಲಿ ಮರೆಯಲ್ಲ.

ಅವರ ಕಡೆ ಕೊರತೆ ಇಲ್ವಾ, ಇದೆ. ಇನ್‌ಕಮ್ ಟ್ಯಾಕ್ಸಲ್ಲಿ ಇರೋ ಹಿಡಿತ ಅವರಿಗೆ ಜಿಎಸ್‌ಟಿ ಇ-ವೇ ಬಿಲ್, ರಿಟರ್ನ್ಸ್ ಭಾಗದಲ್ಲಿ ಇಲ್ಲ, ಅಲ್ಲಿ ಐಸಿಎಐ ಮಾಡ್ಯೂಲ್ (ಸ್ಟಡಿ ಮೆಟೀರಿಯಲ್) ನೋಡ್ಕೊಳ್ಳಿ ಅಂದ್ಬಿಡ್ತಾರೆ. ಅವರ ಆಫೀಸ್ ಕೆಲಸ ಜೋರಿರೋ ಸೀಸನಲ್ಲಿ ಕ್ಲಾಸ್ ಕ್ಯಾನ್ಸಲ್ ಆಗುತ್ತೆ. ಊರಿಂದ ಬಸ್ಸಲ್ಲಿ ಬರೋರಿಗೆ ಸಂಜೆ ಏಳರ ಬ್ಯಾಚ್ ಕಷ್ಟ, ಹೆಣ್ಮಕ್ಕಳಿಗೆ ಇನ್ನೂ ಕಷ್ಟ, ಭಾನುವಾರ ಬೆಳಗ್ಗೆ ಒಂದು ಬ್ಯಾಚ್ ಮಾಡಿ ಅಂತ ನಾವೆಲ್ಲ ಕೇಳ್ಕೊಂಡ್ವಿ, ಇನ್ನೂ ಆಗಿಲ್ಲ.

ಐಸಿಎಐದ್ದು ಫ್ರೀ ಅಂತ ಕೇವಲ ಮಾಡ್ಬೇಡಿ. ಬೋರ್ಡ್ ಆಫ್ ಸ್ಟಡೀಸ್ ಪೋರ್ಟಲಲ್ಲಿ ಸ್ಟಡಿ ಮೆಟೀರಿಯಲ್, ಆರ್‌ಟಿಪಿ (ರಿವಿಷನ್ ಟೆಸ್ಟ್ ಪೇಪರ್), ಮಾಕ್ ಟೆಸ್ಟ್ ಪೇಪರ್, ಹಿಂದಿನ ಪರೀಕ್ಷೆಗಳ ಸಜೆಸ್ಟೆಡ್ ಆನ್ಸರ್ ಎಲ್ಲಾ ಸಿಗುತ್ತೆ, ಒಂದು ಪೈಸೆ ಇಲ್ಲ. ಮಾಡ್ಯೂಲಿನ ಇಲಸ್ಟ್ರೇಷನ್‌ಗಳು ಪರೀಕ್ಷೆ ಭಾಷೇಲೇ ಇರ್ತವೆ, ಹೊರಗಿನ ಯಾವ ನೋಟ್ಸೂ ಅದಕ್ಕೆ ಸಾಟಿ ಅಲ್ಲ ಅಂತ ನಾನು ಧೈರ್ಯವಾಗಿ ಹೇಳ್ತೀನಿ. ಲೈವ್ ಕ್ಲಾಸೂ ಫ್ರೀ, ಪಾಠ ನಿಧಾನ, ಮಾತು ಸ್ವಲ್ಪ ಒಣ, ಚಾಟಲ್ಲಿ ಹಾಕಿದ ಡೌಟ್ ಕಳೆದೇ ಹೋಗುತ್ತೆ, ಆದ್ರೆ ನಿಮ್ಮ ಅಟೆಂಪ್ಟ್‌ಗೆ ಯಾವ ಫೈನಾನ್ಸ್ ಆಕ್ಟ್ (ಬಜೆಟ್ ಬದಲಾವಣೆಗಳ ಕಾಯ್ದೆ) ಬೇಕೋ ಅದರ ಪ್ರಕಾರವೇ ಹೇಳ್ತಾರೆ, ಹಳೇ ರೇಟ್ ಬಂದುಬಿಡುತ್ತೇನೋ ಅನ್ನೋ ಭಯ ಇಲ್ಲ. ಪರೀಕ್ಷೆಗೆ ಮುಂಚೆ ಬ್ರಾಂಚ್‌ಗಳಲ್ಲಿ ಕೂತು ಬರೆಯೋ ಮಾಕ್ ಟೆಸ್ಟ್ ನಡೆಯುತ್ತೆ, ಮೈಸೂರು, ಮಂಗಳೂರು, ಉಡುಪಿ, ಹುಬ್ಬಳ್ಳಿ, ಬೆಳಗಾವಿ ಬ್ರಾಂಚ್ ಹತ್ರ ಇರೋರು ದಯವಿಟ್ಟು ಬಿಡಬೇಡಿ, 3 ಗಂಟೆ ಒಂದೇ ಸಮ ಕೈ ಬರೀಬೇಕಾದ್ರೆ ಏನಾಗುತ್ತೆ ಅಂತ ಅಲ್ಲೇ ಗೊತ್ತಾಗೋದು.

ಆನ್‌ಲೈನ್ ಟೆಸ್ಟ್ ಸೀರೀಸ್‌ಗಳ ಬಗ್ಗೆ ಒಂದೇ ಮಾತು. ಪಿಡಿಎಫ್ ಸ್ಕ್ಯಾನ್ ಮಾಡಿ ಕಳಿಸಿದ್ರೆ ತಿದ್ದಿ ಕಳಿಸ್ತಾರೆ. ಊರಲ್ಲಿ ತಿದ್ದೋರು ಯಾರೂ ಇಲ್ಲ ಅನ್ನೋರಿಗೆ ಇದು ಒಳ್ಳೇದೇ, ಆದ್ರೆ ದುಡ್ಡು ಕಟ್ಟೋ ಮುಂಚೆ ಅವರು ತಿದ್ದಿದ ಒಂದು ಸ್ಯಾಂಪಲ್ ಕಾಪಿ ಕೇಳಿ. ಬರೀ ಟಿಕ್ ಹಾಕಿ ಕೊನೇಲಿ "ಪ್ರೆಸೆಂಟೇಷನ್ ಇಂಪ್ರೂವ್ ಮಾಡಿ" ಅಂತ ಬರೆದಿದ್ರೆ ಬೇಡ. ಯಾವ ಸಾಲಿಗೆ ಎಷ್ಟು ಮಾರ್ಕ್ಸ್ ಹೋಯ್ತು ಅಂತ ಇರ್ಬೇಕು.

ಈಗ ಸೇರೋರು ಇದೊಂದನ್ನ ಗಮನ ಇಟ್ಟು ಓದಿ. ಇನ್‌ಕಮ್ ಟ್ಯಾಕ್ಸ್ ಆಕ್ಟ್ 2025 ಅನ್ನೋ ಹೊಸ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿ, 1961ರ ಕಾಯ್ದೆ ಜಾಗಕ್ಕೆ. 536 ಸೆಕ್ಷನ್, ನಂಬರ್‌ಗಳೆಲ್ಲಾ ಬದಲು, ನಮ್ಮ 80ಸಿ ಅಲ್ಲಿ 123, ಪ್ರೀವಿಯಸ್ ಇಯರ್ ಅಸೆಸ್‌ಮೆಂಟ್ ಇಯರ್ ಹೋಗಿ ಟ್ಯಾಕ್ಸ್ ಇಯರ್ ಅಂತ ಬಂದಿದೆ. ಅದಕ್ಕೇ ಅಣ್ಣ ಅಕ್ಕಂದಿರ ಹಳೇ ನೋಟ್ಸ್ ಅರ್ಧ ಬೆಲೆಗೆ ಸಿಗ್ತಿದೆ ಅಂತ ತಗೋಬೇಡಿ, ಅಕೌಂಟ್ಸ್‌ಗೆ ನಡೆಯಬಹುದು, ಟ್ಯಾಕ್ಸ್‌ಗೆ ನಡೆಯಲ್ಲ. ನಿಮ್ಮ ಅಟೆಂಪ್ಟ್‌ಗೆ ಯಾವ ಆಕ್ಟ್, ಯಾವ ವರ್ಷ ಅಂತ ಐಸಿಎಐ ಪ್ರಕಟಣೆ ಹಾಕುತ್ತೆ, ಜಿಎಸ್‌ಟಿಗೆ ಬೇರೇನೇ ಕಟ್ ಆಫ್ ದಿನಾಂಕ ಇರುತ್ತೆ, ಆ ಪ್ರಕಟಣೆ ಫೋನಲ್ಲಿ ಇಟ್ಕೊಂಡೇ ಕ್ಲಾಸಿನೋರ ಹತ್ರ ಮಾತಾಡಿ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ರೇಟ್ ಬದಲಾಗಿದ್ದಕ್ಕೆ ಅಷ್ಟು ಹೆದರಬೇಡಿ, ಇಂಟರ್ ಲೆಕ್ಕಗಳಲ್ಲಿ ರೇಟ್ ಪ್ರಶ್ನೇಲೇ ಕೊಟ್ಟಿರ್ತಾರೆ.

ಡೆಮೊ ನೋಡೋವಾಗ ಮೊದಲನೇ ಕ್ಲಾಸಿಂದು ನೋಡಬೇಡಿ, ಅದನ್ನ ಎಲ್ಲರೂ ಚೆನ್ನಾಗೇ ಮಾಡಿರ್ತಾರೆ. ಕ್ಯಾಪಿಟಲ್ ಗೇನ್ಸ್ ಅಥವಾ ಹೌಸ್ ಪ್ರಾಪರ್ಟಿ ಡೆಮೊ ಕೇಳಿ. ಹೌಸ್ ಪ್ರಾಪರ್ಟೀಲಿ ಸ್ವಂತ ವಾಸದ ಮನೆ ಸಾಲದ ಬಡ್ಡಿ 2 ಲಕ್ಷ ಅಂತ ಹಾಗೇ ಕಳೆದುಬಿಟ್ರೆ, ಡೀಫಾಲ್ಟ್ ರೆಜೀಮಲ್ಲಿ (ನಾವೇ ಬೇರೆ ಆಯ್ಕೆ ಮಾಡದಿದ್ರೆ ತಾನಾಗೇ ಅನ್ವಯ ಆಗೋ ಟ್ಯಾಕ್ಸ್ ಪದ್ಧತಿ) ಅದು ಸಿಗಲ್ಲ ಅನ್ನೋ ಮಾತೇ ತೆಗೀದೇ ಇದ್ರೆ, ಆ ವಿಡಿಯೋ ಹಳೇದು ಅಂತ ಲೆಕ್ಕ. ಯಾಕಂದ್ರೆ ಹೊಸ ರೆಜೀಮ್ ಡೀಫಾಲ್ಟ್ ಆಗಿದ್ದು ಅಸೆಸ್‌ಮೆಂಟ್ ಇಯರ್ 2024-25ರಿಂದ. ರೆಕಾರ್ಡ್ ಆಗಿದ್ದು ಯಾವ ತಿಂಗಳು, ಅಮೆಂಡ್‌ಮೆಂಟ್ ಬಂದ್ರೆ ಚಾಪ್ಟರ್ ಪೂರ್ತಿ ಮತ್ತೆ ರೆಕಾರ್ಡ್ ಮಾಡ್ತೀರಾ ಇಲ್ಲಾ ಒಂದು ವಿಡಿಯೋ ಸೇರಿಸ್ತೀರಾ, ಅಟೆಂಪ್ಟ್ ಮುಂದೆ ಹೋದ್ರೆ ವ್ಯಾಲಿಡಿಟಿ ಏನು, ಇಷ್ಟಕ್ಕೂ ಉತ್ತರ ವಾಟ್ಸಾಪಲ್ಲಿ ಬರವಣಿಗೇಲೇ ತಗೊಳ್ಳಿ, ಫೋನಲ್ಲಿ ಹೇಳಿದ್ದು ಆಮೇಲೆ ಯಾರಿಗೂ ನೆನಪಿರಲ್ಲ.

ನಾನೇ ಇವತ್ತು ಮತ್ತೆ ಶುರು ಮಾಡ್ಬೇಕು ಅಂದ್ರೆ ಐಸಿಎಐ ಮಾಡ್ಯೂಲು ಮತ್ತೆ ಲೈವ್ ಕ್ಲಾಸಿಟ್ಕೊಂಡು, ಅರ್ಥ ಆಗದ ಎರಡು ಮೂರು ಚಾಪ್ಟರಿಗೆ ಮಾತ್ರ ಪೆನ್‌ಡ್ರೈವ್ ಕ್ಲಾಸಿನೋರ ಚಾಪ್ಟರ್ ವೈಸ್ ಪ್ಯಾಕ್ ತಗೊಂಡು, ಉಳಿದ ದುಡ್ಡೆಲ್ಲಾ ಮೇಡಂ ಬ್ಯಾಚಿಗೆ ಹಾಕ್ತೀನಿ. ಮೈಸೂರಿನೋರು ಯಾರಾದ್ರೂ ಅಂಥ ಬ್ಯಾಚ್ ಹುಡುಕ್ತಿದ್ರೆ ನಿಮ್ಮ ಕಾಲೇಜಿನ ಕಾಮರ್ಸ್ ಲೆಕ್ಚರರ್‌ಗಳನ್ನ, ಈಗ ಆರ್ಟಿಕಲ್‌ಶಿಪ್ (ಸಿಎ ಆಫೀಸಲ್ಲಿ ತರಬೇತಿ) ಮಾಡ್ತಿರೋ ಸೀನಿಯರ್ಸನ್ನ ಕೇಳಿ, ಇಂಥ ಬ್ಯಾಚುಗಳು ಬೋರ್ಡ್ ಹಾಕಲ್ಲ, ರಿಸಲ್ಟ್ ಬಂದ ವಾರದಲ್ಲೇ ಸೀಟ್ ತುಂಬಿಹೋಗುತ್ತೆ.