ಹಳೇ ಮನೆಯ ವೈರಿಂಗ್: ಮೂರು ಸಲ ನೋಡಿಸಿದೆ, ಮೂರು ಉತ್ತರ ಬಂತು

ಮೈಸೂರಿನ ಕುವೆಂಪುನಗರದಲ್ಲಿ ಒಂದು ಹಳೇ ಮನೆ ಇಷ್ಟವಾಯಿತು. ಕಟ್ಟಿ 40 ವರ್ಷದ ಮೇಲಾಗಿತ್ತು. ಹೊಸ ಬಣ್ಣ, ಹೊಸ ಸ್ವಿಚ್ ಬೋರ್ಡು. ಗೋಡೆಯೊಳಗಿನ ವೈರು ಯಾವ ಕಾಲದ್ದೋ, ಮಾರುವವರಿಗೇ ಗೊತ್ತಿರಲಿಲ್ಲ. ಅಡ್ವಾನ್ಸ್ ಕೊಡುವ ಮುಂಚೆ ನೋಡಿಸೋಣ ಅಂದುಕೊಂಡೆ.

ಮೊದಲು ನಾನೇ ನೋಡಿದೆ. ಸಾಕೆಟ್ ಟೆಸ್ಟರ್ ಅಂತ ಮೂರು ಪುಟ್ಟ ದೀಪ ಇರುವ ಪ್ಲಗ್ ಸಿಗುತ್ತದೆ. ನನಗೆ 300 ರೂಪಾಯಿ ಬಿತ್ತು. ಒಂದು ಸಾಕೆಟ್‌ನಲ್ಲಿ ಫೇಸ್, ನ್ಯೂಟ್ರಲ್ ಅದಲುಬದಲು ಅಂತ ತೋರಿಸಿತು. ಉಳಿದದ್ದೆಲ್ಲ ಸರಿ ಅಂದಿತು. ಅವತ್ತು ರಾತ್ರಿ ಚೆನ್ನಾಗಿ ನಿದ್ದೆ ಬಂತು, ಸುಮ್ನೆ!

ಆಮೇಲೆ ನಮ್ಮ ಬೀದಿಯ ಎಲೆಕ್ಟ್ರಿಷಿಯನ್. 500 ರೂಪಾಯಿ, ಜೊತೆಗೆ ಕಾಫಿ. ಮೈನ್ ಬೋರ್ಡ್ ಮುಚ್ಚಳ ತೆಗೆದವರೇ, "ಅಲ್ಯೂಮಿನಿಯಂ ವೈರು ಸಾರ್, ಗೀಸರ್ ಹಾಕಿದ್ರೆ ಜಾಯಿಂಟ್ ಸುಡುತ್ತೆ" ಅಂದರು. ಬಿಲ್ಲಿನಲ್ಲಿ ಮಂಜೂರಾದ ಲೋಡ್, ಅಂದರೆ ಮನೆಯವರು ಒಟ್ಟಿಗೆ ಎಷ್ಟು ಕರೆಂಟ್ ಎಳೆಯಬಹುದು ಅನ್ನೋದು, ಎಷ್ಟಿದೆ ನೋಡಿ ಅಂತಲೂ ಹೇಳಿದರು. 2 ಕಿಲೋವ್ಯಾಟ್ ಇತ್ತು, ಗೀಸರ್ ಒಂದಕ್ಕೇ ಸರಿಹೋಗುತ್ತದೆ. ಆದರೆ ಅರ್ತಿಂಗ್ ಕೇಳಿದರೆ, ಗುಂಡಿಗೆ ಎರಡು ಬಿಂದಿಗೆ ನೀರು ಸುರಿದರೆ ಸಾಕು ಅಂದುಬಿಟ್ಟರು. ಅಲ್ಲೇ ನಿಂತು ರೀವೈರಿಂಗ್ ಎಸ್ಟಿಮೇಟ್ ಬೇರೆ ಹೇಳಿದರು. ಕೆಲಸ ಸಿಗಲಿ ಅಂತ ಹೆದರಿಸುತ್ತಿದ್ದಾರಾ ಅನ್ನಿಸಿತು.

ಕೊನೆಗೆ ಲೈಸೆನ್ಸ್ ಇರುವ ಕಂಟ್ರಾಕ್ಟರ್ ಒಬ್ಬರನ್ನು ಕರೆಸಿದೆ. 2,500 ರೂಪಾಯಿ ಅಂದಾಗ ಮನೆಯವರು ನನ್ನ ಮುಖ ನೋಡಿದರು. ಕಂಟ್ರಾಕ್ಟರ್ ಮೆಗ್ಗರ್ ಅನ್ನೋ ಅಳೆಯುವ ಯಂತ್ರ ತಂದಿದ್ದರು. ಮೈನ್ ಆಫ್ ಮಾಡಿ, ಎಲ್ಲ ಪ್ಲಗ್ ಕಿತ್ತು, 500 ವೋಲ್ಟ್ ಕೊಟ್ಟು ವೈರಿನ ಇನ್ಸುಲೇಷನ್ ಅಳೆದರು. ಕಡಿಮೆ ಅಂದರೂ 1 ಮೆಗಾ ಓಮ್ ಬರಬೇಕಂತೆ. ಅಡುಗೆಮನೆಯ ಸಾಕೆಟ್‌ನಲ್ಲಿ ನ್ಯೂಟ್ರಲ್, ಅರ್ತ್ ನಡುವೆ ಸೊನ್ನೆ! ಬಿಚ್ಚಿದರೆ ಅರ್ತ್ ವೈರೇ ಇಲ್ಲ. ನ್ಯೂಟ್ರಲ್‌ನಿಂದ ಗೇಣುದ್ದ ತುಂಡು ವೈರನ್ನು ಅರ್ತ್ ಪಿನ್ನಿಗೆ ಸಿಕ್ಕಿಸಿದ್ದರು. ನನ್ನ ಟೆಸ್ಟರ್ ನ್ಯೂಟ್ರಲ್ಲನ್ನೇ ಅರ್ತ್ ಅಂದುಕೊಂಡು ಮೋಸಹೋಗಿದ್ದು ಇದರಿಂದಲೇ. ಎಲ್ಲೋ ನ್ಯೂಟ್ರಲ್ ಕಟ್ ಆದರೆ ಫ್ರಿಜ್ಜಿನ ಮೈಗೇ ಕರೆಂಟ್ ಬರುತ್ತದೆ ಅಂದರು. ಕೇಳಿ ಕೈಕಾಲು ತಣ್ಣಗಾಯಿತು.

ಟೆಸ್ಟರ್ ಈಗಲೂ ಜೇಬಿನಲ್ಲಿದೆ. ಕೆಟ್ಟಿದೆ ಅಂದರೆ ನಂಬುತ್ತೇನೆ, ಸರಿಯಿದೆ ಅಂದರೆ ನಂಬಲ್ಲ. ದುಡ್ಡು ಒಂದಕ್ಕೇ ಇದ್ದರೆ ಮೆಗ್ಗರ್‌ನವರಿಗೇ ಕೊಡಿ. ಅವರ ವರದಿ ಮುಂದಿಟ್ಟು ಮನೆಯ ಬೆಲೆಯನ್ನೂ ಸ್ವಲ್ಪ ಇಳಿಸಿಕೊಂಡೆವು. ರೀವೈರಿಂಗ್ ಮಾತ್ರ ಬೀದಿಯ ಎಲೆಕ್ಟ್ರಿಷಿಯನ್‌ಗೇ ಕೊಟ್ಟೆ, ಅಲ್ಯೂಮಿನಿಯಂ ವಿಷಯ ಅವರು ಹೇಳಿದ್ದು ನಿಜ ತಾನೇ? ತಾಮ್ರದ ವೈರು ಎಳೆದು, ಕರೆಂಟ್ ಸೋರಿದರೆ ತಾನೇ ಆಫ್ ಆಗುವ 30 ಮಿಲಿಆಂಪಿನ ಆರ್‌ಸಿಸಿಬಿ ಸ್ವಿಚ್ ಹಾಕಿದರು. ಮುಗಿದ ಮೇಲೆ ಮೆಗ್ಗರ್‌ನವರನ್ನು ಇನ್ನೊಮ್ಮೆ ಕರೆಸಿದ್ದಕ್ಕೆ ಎರಡು ದಿನ ಮುನಿಸಿಕೊಂಡಿದ್ದರು.