ಕೊಪ್ಪಳದ ರೊಟ್ಟಿ ಖಾನಾವಳಿ, ಹಸಿ ತೊಪ್ಪಲಕ್ಕಾದ್ರೂ ಒಮ್ಮೆ ಹೋಗ್ರಿ

ಕೊಪ್ಪಳ ಬಸ್ ಸ್ಟ್ಯಾಂಡಿನ ಹತ್ರ ಒಂದು ಸಣ್ಣ ರೊಟ್ಟಿ ಖಾನಾವಳಿ ಐತಿ, ಬೋರ್ಡ್ ಇಲ್ಲ, ರೊಟ್ಟಿ ಬಡಿಯೋ ಸಪ್ಪಳ ಕೇಳಿದ್ರ ಅದಾ ಅಂತ ಒಳಗ ಹೋಗ್ರಿ. ಆರು ತಿಂಗಳಿಂದ ವಾರಕ್ಕ ಮೂರು ನಾಕು ಸಲ ಅಲ್ಲೇ ಉಣ್ಣಾಕತ್ತೀನಿ. ರೊಟ್ಟಿ, ಎಣಗಾಯಿ, ಶೇಂಗಾ ಹಿಂಡಿ ಎಲ್ಲಾ ಚಲೋನ ಅದಾವ, ಆದ್ರ ಅವು ನಮ್ಮ ಕಡೆ ಎಲ್ಲಾ ಕಡೆ ಸಿಗತಾವ. ನಾ ಹೇಳಾಕತ್ತಿದ್ದು ಇವರ ಹಸಿ ತಾಟಿನ ಬಗ್ಗೆ.

ಬ್ಯಾರೆ ಕಡೆ ಎರಡು ತುಂಡು ಸೌತಿಕಾಯಿ, ಅರ್ಧ ಉಳ್ಳಾಗಡ್ಡಿ ಇಟ್ಟು ಕೈ ತೊಳ್ಕೋತಾರ. ಇಲ್ಲಿ ಹಕ್ಕರಕಿ ಅನ್ನೋ ಸೊಪ್ಪು, ಎಳೀ ಮೆಂತ್ಯ, ಎಲಿ ಸಮೇತ ಮೂಲಂಗಿ, ಗಜ್ಜರಿ, ಉಳ್ಳಾಗಡ್ಡಿ ತೊಪ್ಪಲ, ಇನ್ನೂ ನೀರು ತೊಟ್ಟಿಕ್ಕತಿರತೈತಿ. ರೊಟ್ಟಿ ಮುರಿದು ಅದರಾಗ ನಾಕು ಹಕ್ಕರಕಿ ಎಲಿ ಮಡಚಿ ಮೊಸರು ಕಲಸಿದ ಹಿಂಡಿಯಾಗ ಅದ್ದಿ ಬಾಯಾಗಿಟ್ರ ಮೊದಲು ಸ್ವಲ್ಪ ಕಹಿ, ಆಮ್ಯಾಲ ಬಾಯಿತುಂಬ ನೀರು.

ಹಲ್ಲಿಗೆ ಬೇಕಾಗಿದ್ದು ಬಾಯಾಗ ಬರೋ ಆ ನೀರಾ, ಅಂದ್ರ ಜೊಲ್ಲು. ಹೋದ ವರ್ಷ ನನಗ ಹಲ್ಲುಜ್ಜಿದ್ರ ವಸಡಿನ್ಯಾಗ ರಕ್ತ ಬರತಿತ್ತು, ಡಾಕ್ಟ್ರು ಕ್ಲೀನಿಂಗ್ ಮಾಡಿ ಹಸಿ ತರಕಾರಿ ಜಾಸ್ತಿ ತಿನ್ರಿ ಅಂದ್ರು, ಯಾಕ ಅಂತ ಕೂತು ಓದಿದೆ. ಉಂಡ ಮ್ಯಾಲ ಬಾಯಾಗಿನ ಬ್ಯಾಕ್ಟೀರಿಯಾ ಸಕ್ಕರಿ ತಿಂದು ಆಸಿಡ್ ಬಿಡತಾವ, ಪಿಎಚ್ (ಆಸಿಡ್ ಅಳಿಯೋ ಅಳತಿ, ಕಡಿಮಿ ಆದಷ್ಟೂ ಆಸಿಡ್ ಜಾಸ್ತಿ) 5.5ರ ಕೆಳಗ ಇಳೀತಂದ್ರ ಹಲ್ಲಿನ ಮ್ಯಾಲಿನ ಗಟ್ಟಿ ಪದರ ಎನಾಮಲ್ ಕರಗಾಕ ಶುರು, ಆವಾಗ ಗಟ್ಟಿ ಮೂಲಂಗಿ ಗಜ್ಜರಿ ಅಗದ್ರ ಬರೋ ಜೊಲ್ಲು ಆ ಆಸಿಡ್ಡನ್ನ ತೊಳದು, ಜೊಲ್ಲಿನಾಗಿನ ಕ್ಯಾಲ್ಸಿಯಂ, ಫಾಸ್ಫೇಟ್ ಮತ್ತ ಹಲ್ಲಿಗೆ ಸೇರಸತೈತಿ. ತೊಪ್ಪಲದಾಗ ನೈಟ್ರೇಟ್ ಇರತೈತಿ, ನಾಲಿಗಿ ಹಿಂದಿನ ಒಳ್ಳೆ ಬ್ಯಾಕ್ಟೀರಿಯಾ ಅದನ್ನ ನೈಟ್ರೈಟ್ ಮಾಡತಾವ, ಅದರಿಂದ ಹುಟ್ಟೋ ನೈಟ್ರಿಕ್ ಆಕ್ಸೈಡ್ ಕೆಟ್ಟ ಬ್ಯಾಕ್ಟೀರಿಯಾಕ್ಕ ಆಗಿಬರಂಗಿಲ್ಲ. ಹೊತ್ತಿಗೊಮ್ಮೆ ಸ್ಟ್ರಾಂಗ್ ಮೌತ್‌ವಾಶ್ ಹಾಕೋರು ಆ ಒಳ್ಳೇವನ್ನೂ ಸಾಯಸತಾರ. ವಸಡಿಗೆ ಬೇಕಾದ ವಿಟಮಿನ್ ಸಿ ಕುದಿಸಿದ್ರ ಬಾಳಷ್ಟು ಹೋಗತೈತಿ, ಹಸೀದು ತಿಂದ್ರ ಉಳೀತೈತಿ. ಇವರ ಕೆಂಪು ಖಾರದಾಗ ಬಳ್ಳೊಳ್ಳಿ ಹಸೀದಾ ಹಾಕಿ ಕಲ್ಲಾಗ ಜಜ್ಜತಾರ, ಹಂಗ ಜಜ್ಜಿದಾಗ್ಲೇ ಅಲಿಸಿನ್ ಅನ್ನೋದು ಹುಟ್ಟೋದು, ಬ್ಯಾಕ್ಟೀರಿಯಾ ತಡಿಯೋ ಅಂಶ ಅದು.

ಈಗ ನನಗ ರಕ್ತ ನಿಂತೈತಿ. ಪೂರಾ ತೊಪ್ಪಲದಿಂದ ಅನ್ನಂಗಿಲ್ಲ, ಕ್ಲೀನಿಂಗೂ ಆಗೈತಿ, ಎರಡು ಹೊತ್ತು ಬ್ರಷ್ಷೂ ಮಾಡ್ತೀನಿ. ಮತ್ತ ನಮ್ಮ ಕಡೆ ಬೋರ್‌ವೆಲ್ ನೀರಿನ ಫ್ಲೋರೈಡಿಗೆ ಸಣ್ಣವರಿದ್ದಾಗಲೇ ಹಲ್ಲಿಗೆ ಬಿದ್ದ ಕಂದು ಕಲೆ ಯಾವ ಸೊಪ್ಪಿಗೂ ಹೋಗಂಗಿಲ್ಲ, ಗುಟ್ಕಾ ತಿನ್ನೋರಿಗೂ ಇದು ಔಷಧಿ ಅಲ್ಲ.

ಕೊರತೆ ಅಂದ್ರ, ಎರಡು ಸಲ ಮೆಂತ್ಯದಾಗ ಮಣ್ಣು ಸಿಕ್ಕೈತಿ, ಹಸೀದು ಕೊಡೋರು ಇನ್ನೂ ಎರಡು ನೀರು ತೊಳೀಬೇಕು, ಖಾನಾವಳಿ ಅಕ್ಕಗೂ ಹೇಳೀನಿ. ಬ್ಯಾಸಗಿಯಾಗ ಹಕ್ಕರಕಿ ಇರಂಗಿಲ್ಲ. ಮಧ್ಯಾಹ್ನ ಎರಡರ ಮ್ಯಾಲ ಹೋದ್ರ ಬಾಡಿದ್ದು ಸಿಗತೈತಿ, ಒಂದರೊಳಗ ಹೋಗ್ರಿ. ಎರಡನೇ ಸಲ ತೊಪ್ಪಲ ಹಾಕಿಸ್ಕೊಂಡ್ರೂ ಬಿಲ್ ಅಷ್ಟಾ, ಕೇಳಾಕ ನಾಚಬ್ಯಾಡ್ರಿ.