ಗ್ಯಾರೇಜಾ, ಮೂರು ತಿಂಗಳ ಕೋರ್ಸಾ, ಐಟಿಐನಾ? ನಾನೂ ನನ್ನ ತಮ್ಮನೂ ಓಡಾಡಿ ನೋಡಿದ್ದು

ನಮ್ಮ ಓಣಿ ಇರುವುದು ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಮಗ್ಗುಲಲ್ಲಿ. ಜೂನ್ ಬಂತೆಂದರೆ ಯಾರಾದರೂ ಒಬ್ಬ ತಾಯಿ ನನ್ನ ಗ್ಯಾರೇಜಿನ ಮುಂದೆ ಬಂದು ನಿಲ್ಲುತ್ತಾರೆ. "ನಮ್ಮ ಹುಡುಗ ಸ್ಕೂಲ್ ಬಿಟ್ಟಾನಪ್ಪ, ಏನಾರ ಒಂದು ದಾರಿ ಹೇಳು" ಅನ್ನುತ್ತಾರೆ. ಒಬ್ಬೊಬ್ಬರಿಗೂ ನಿಂತು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು 2014ರಲ್ಲಿ ಒಂಬತ್ತನೇ ಕ್ಲಾಸು ಮುಗಿಸಿ ಶಾಲೆ ಬಿಟ್ಟೆ. ಅಪ್ಪ ಭಟ್ಟಿಯಲ್ಲಿ ಕಾದ ಮರಳಿನ ಮುಂದೆ ಮಂಡಕ್ಕಿ ಹುರಿಯುತ್ತಿದ್ದರು. ಹೊಗೆ ಎದೆಗೆ ಇಳಿದು ಮನೆಯಲ್ಲೇ ಕೂತರು. ಆಮೇಲೆ ನಾನು ಮೂರು ನಾಲ್ಕು ಕಡೆ ಕಲಿಯಲು ಹೋದೆ. ತಮ್ಮ ಇನ್ನೊಂದು ದಾರಿ ಹಿಡಿದ. ಎಲ್ಲವನ್ನೂ ನಾನು ತೂಗುವುದು ಒಂದೇ ಲೆಕ್ಕದಲ್ಲಿ: ಕಲಿಯುವ ದಿನಗಳಲ್ಲಿ ತಪ್ಪುವ ಕೂಲಿಯನ್ನು ಯಾರು ತುಂಬುತ್ತಾರೆ? ಫೀಸು ಇಲ್ಲ ಅನ್ನುವುದು ಅರ್ಧ ಮಾತು. ವಾರದ ಬಟವಾಡೆ ತರುವ ಹುಡುಗ ಬೆಂಚಿನ ಮೇಲೆ ಕೂತರೆ ಆ ವಾರದ ಅಕ್ಕಿ ಎಲ್ಲಿಂದ ಬರಬೇಕು?

ಮೊದಲು ಗ್ಯಾರೇಜು. ಅಲ್ಲಿ ಕೂಲಿ ತಪ್ಪುವುದಿಲ್ಲ, ಅದೇ ಅದರ ದೊಡ್ಡ ಬಲ. ನನಗೆ ಶುರುವಿನಲ್ಲಿ ವಾರಕ್ಕೆ 300 ರೂಪಾಯಿ, ಜೊತೆಗೆ ಬೆಳಗಿನ ತಿಂಡಿ. ಆರು ತಿಂಗಳು ಪಾರ್ಟ್ಸ್ ತೊಳೆದೆ, ಚಹಾ ತಂದೆ, ಪಾನಾ ಎತ್ತಿಕೊಟ್ಟೆ. ಉಸ್ತಾದ್ ಒಳ್ಳೆಯವರು, ಹೊಡೆಯಲಿಲ್ಲ. ಇಂಜಿನ್ನಿನ ಶಬ್ದ ಕೇಳಿಯೇ ಎಲ್ಲಿ ಸಡಿಲವಾಗಿದೆ ಎಂದು ಹೇಳುವ ಕಿವಿ ನನಗೆ ಬಂದದ್ದು ಅವರಿಂದ. ಅದನ್ನು ಯಾವ ಕ್ಲಾಸೂ ಕೊಡಲಿಲ್ಲ. ಆದರೆ ಎರಡು ವರ್ಷ ಕಳೆದರೂ ಬಿಲ್ಲು ಹೇಗೆ ಮಾಡುವುದು, ಪಾರ್ಟ್ಸನ್ನು ಎಲ್ಲಿಂದ ಎಷ್ಟಕ್ಕೆ ತರುವುದು ನನಗೆ ಗೊತ್ತಿರಲಿಲ್ಲ. ಕಲಿತದ್ದಕ್ಕೆ ಕಾಗದವೂ ಇರಲಿಲ್ಲ. 14 ತುಂಬದ ಮಗುವನ್ನು ಹೀಗೆ ಕೆಲಸಕ್ಕೆ ಇಟ್ಟುಕೊಳ್ಳುವುದು ಅಪರಾಧ. ಅಷ್ಟು ಚಿಕ್ಕವರನ್ನು ಕರೆತಂದರೆ ನಾನು ಶಾಲೆಗೇ ವಾಪಸ್ ಕಳಿಸುತ್ತೇನೆ.

2016ರಲ್ಲಿ ಮೂರು ತಿಂಗಳ ಉಚಿತ ಕೋರ್ಸು ಸೇರಿದೆ. ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆ ಶುರುವಾಗಿ ಒಂದು ವರ್ಷ ಆಗಿತ್ತು. ಊರಲ್ಲಿ ಎಲ್ಲಿ ನೋಡಿದರೂ ತರಬೇತಿ ಕೇಂದ್ರದ ಬೋರ್ಡು. ನಾನು ಸೇರಿದ್ದು ಮನೆ ವೈರಿಂಗಿಗೆ. ಬ್ಯಾಗು, ಟೀ ಶರ್ಟು ಕೊಟ್ಟರು, ಬೆರಳೊತ್ತಿ ಹಾಜರಿ ತೆಗೆದುಕೊಂಡರು. ಮೂವತ್ತು ಹುಡುಗರಿಗೆ ಅಭ್ಯಾಸಕ್ಕೆ ಇದ್ದದ್ದು ಎರಡೇ ಬೋರ್ಡು. ನನ್ನ ಸರದಿ ಬರುವಷ್ಟರಲ್ಲಿ ಗಂಟೆ ಮುಗಿದಿರುತ್ತಿತ್ತು. ಕೊನೆಗೆ ಕೆಲಸ ಕೊಡಿಸಿದ್ದು ಬೆಂಗಳೂರಿನ ಒಂದು ಫ್ಯಾಕ್ಟರಿಯಲ್ಲಿ, ವೈರಿಂಗಲ್ಲ, ಪ್ಯಾಕಿಂಗು. ರೂಮಿನ ಬಾಡಿಗೆ, ಊಟ ಕಳೆದರೆ ಮನೆಗೆ ಕಳಿಸಲು ಏನೂ ಉಳಿಯಲಿಲ್ಲ. ಎರಡು ತಿಂಗಳಿಗೆ ವಾಪಸ್ ಬಂದೆ. ಆ ಮೂರು ತಿಂಗಳ ಕೂಲಿಯನ್ನು ತುಂಬಿದ್ದು ಅವ್ವ, ಎರಡು ಮನೆಯ ಮುಸುರೆ ಜಾಸ್ತಿ ಹಿಡಿದು. ನನಗೆ ಇವತ್ತಿಗೂ ಸಂಕಟ ಆಗುವುದು ಅದಕ್ಕೇ.

ಅಲ್ಲಿ ಒಳ್ಳೆಯದು ಇರಲೇ ಇಲ್ಲ ಅಂತಲ್ಲ. ನಾಲ್ಕು ಜನರ ಮುಂದೆ ಎದ್ದು ನಿಂತು ಹೆಸರು ಹೇಳಿಕೊಳ್ಳುವುದನ್ನು ಕಲಿತೆ. ಇಮೇಲ್ ಕಳಿಸುವುದನ್ನು ಕಲಿತೆ. ಸೇರುವ ಮುಂಚೆ ಹಳೆಯ ಬ್ಯಾಚಿನ ಇಬ್ಬರನ್ನು ಹುಡುಕಿ ಈಗ ಎಲ್ಲಿದ್ದೀರಿ ಎಂದು ಕೇಳಿ. ನಾನು ಕೇಳಿರಲಿಲ್ಲ. ಅದೇ ಯೋಜನೆಯಲ್ಲಿ ಇನ್ನೊಂದು ಬಾಗಿಲು ಇದೆ: ಈಗಾಗಲೇ ಕೆಲಸ ಬಲ್ಲವರನ್ನು ಪರೀಕ್ಷೆ ಮಾಡಿ ಸರ್ಟಿಫಿಕೇಟು ಕೊಡುತ್ತಾರೆ. ಗ್ಯಾರೇಜಿನ ಹುಡುಗರಿಗೆ ಮೂರು ತಿಂಗಳ ಕೋರ್ಸಿಗಿಂತ ಇದು ಮೇಲು. ಕೂಲಿ ಹೆಚ್ಚು ದಿನ ತಪ್ಪುವುದಿಲ್ಲ.

18 ತುಂಬಿದ ಮೇಲೆ ಚಿತ್ರದುರ್ಗದ ರುಡ್‌ಸೆಟ್ ಸಂಸ್ಥೆಗೆ ಹೋದೆ. ಸ್ವಂತ ಉದ್ಯೋಗ ಮಾಡುವವರಿಗೆ ತರಬೇತಿ ಕೊಡುವ ಜಾಗ ಅದು. ನಮ್ಮೂರಿಂದ ಸುಮಾರು 60 ಕಿಲೋಮೀಟರ್. ಈ ಸಂಸ್ಥೆ ಮೊದಲು ಶುರುವಾದದ್ದು 1982ರಲ್ಲಿ ಉಜಿರೆಯಲ್ಲಿ, ಡಾ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ, ಎರಡು ಬ್ಯಾಂಕುಗಳ ಜೊತೆ ಸೇರಿ. ದ್ವಿಚಕ್ರ ವಾಹನ ರಿಪೇರಿ, 30 ದಿನ, ಊಟ ವಸತಿ ಎಲ್ಲ ಉಚಿತ. ಬೆಳಗ್ಗೆ ಪ್ರಾರ್ಥನೆ, ಯೋಗ, ಶ್ರಮದಾನ. ಆಮೇಲೆ ಒಬ್ಬೊಬ್ಬರೇ ಎದ್ದು ನಿನ್ನೆ ಕಲಿತದ್ದರಲ್ಲಿ ಮುಖ್ಯವಾದದ್ದು ಏನು ಎಂದು ಹೇಳಬೇಕು. ರಿಪೇರಿಯಲ್ಲಿ ನನಗೆ ಹೊಸದು ಕಡಿಮೆ. ಆದರೆ ಒಂದು ಸರ್ವೀಸಿಗೆ ಆಯಿಲ್ಲು ಎಷ್ಟು, ನನ್ನ ಸಮಯದ ಬೆಲೆ ಎಷ್ಟು, ಬಾಡಿಗೆಯ ಪಾಲು ಎಷ್ಟು ಎಂದು ಹಾಳೆಯ ಮೇಲೆ ಬರೆಸಿದರು. ಉಸ್ತಾದ್ ಹೇಳಿಕೊಡದೆ ಬಿಟ್ಟದ್ದು ಅಲ್ಲಿ ಸಿಕ್ಕಿತು. ಮುಗಿದ ಮೇಲೂ ಎರಡು ವರ್ಷ ವಿಚಾರಿಸುವುದು ಅವರ ಪದ್ಧತಿ. ಬ್ಯಾಂಕಿಗೆ ಕೊಡುವ ಯೋಜನಾ ವರದಿ ಬರೆಯುವುದನ್ನೂ ಅಲ್ಲೇ ಕಲಿತೆ. ಮುದ್ರಾ ಸಾಲದ ಶಿಶು ವಿಭಾಗದಲ್ಲಿ 50,000ದವರೆಗೆ ಜಾಮೀನಿಲ್ಲದೆ ಸಿಗುತ್ತದೆ. ನಾನು 40,000 ತೆಗೆದುಕೊಂಡು ಈ ಅಂಗಡಿ ಇಟ್ಟೆ.

ಅಲ್ಲೂ 30 ದಿನದ ಕೂಲಿ ತಪ್ಪಿತು. ಅವ್ವ ಸಂಘದಲ್ಲಿ 4,000 ಸಾಲ ಎತ್ತಿದಳು. ಆದರೆ ನನ್ನ ಊಟದ ಖರ್ಚು ಮನೆಯಿಂದ ಇಳಿದಿತ್ತು. ಮೂರು ತಿಂಗಳಿಗೂ 30 ದಿನಕ್ಕೂ ಬಡವರ ಮನೆಯಲ್ಲಿ ಇರುವ ವ್ಯತ್ಯಾಸ ಅಷ್ಟಿಷ್ಟಲ್ಲ. ತೊಡಕು ಇಷ್ಟೇ: 18ರ ಒಳಗಿನವರನ್ನು ಸೇರಿಸಿಕೊಳ್ಳುವುದಿಲ್ಲ. ದಾರಿ ತಪ್ಪುವ ವಯಸ್ಸು ಅದಕ್ಕಿಂತ ಮುಂಚೆಯೇ ಬರುತ್ತದೆ, ಅಲ್ವಾ? ನನ್ನ ಜೊತೆಯ ಇಬ್ಬರು ಹದಿನಾರಕ್ಕೇ ಇಸ್ಪೀಟು, ಕುಡಿತಕ್ಕೆ ಬಿದ್ದರು.

ತಮ್ಮ ಹೋದದ್ದು ಸರ್ಕಾರಿ ಐಟಿಐಗೆ, 2022ರಲ್ಲಿ, ವೆಲ್ಡರ್ ಟ್ರೇಡು. ಒಂದು ವರ್ಷ. ಎಂಟನೇ ಕ್ಲಾಸು ಪಾಸಾಗಿದ್ದರೆ ಸಾಕು. ಎಲೆಕ್ಟ್ರೀಷಿಯನ್, ಫಿಟ್ಟರ್ ಆದರೆ ಹತ್ತನೇ ಕ್ಲಾಸು ಆಗಿರಬೇಕು, ಎರಡು ವರ್ಷ. ಹಾಜರಿ ನೂರಕ್ಕೆ 80 ಇಲ್ಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ. ಆ ವರ್ಷ ಮನೆ ನಡೆದದ್ದು ನನ್ನ ಅಂಗಡಿಯಿಂದ. ದುಡಿಯುವ ಅಣ್ಣನೋ ಅಕ್ಕನೋ ಇಲ್ಲದ ಮನೆಗೆ ಐಟಿಐ ಕಷ್ಟ ಎಂದು ನಾನು ಹೇಳುವುದು ಇದಕ್ಕೇ.

ಆದರೂ ಕೆಲಸ ಕಲಿಯುವ ಮಾತಿಗೆ ಬಂದರೆ ಐಟಿಐ ಮುಂದೆ ಉಳಿದವು ಚಿಕ್ಕವು. ನಮ್ಮ ರಸ್ತೆಯ ಗ್ರಿಲ್ ಅಂಗಡಿಗಳಲ್ಲಿ ಹುಡುಗರು ಬರೀ ಕಪ್ಪು ಕನ್ನಡಕ ಹಾಕಿಕೊಂಡು ವೆಲ್ಡಿಂಗ್ ಮಾಡುತ್ತಾರೆ. ರಾತ್ರಿ ಕಣ್ಣಿಗೆ ಮರಳು ಬಿದ್ದಂತೆ ಉರಿ, ನಿದ್ದೆ ಇಲ್ಲ. ತಮ್ಮನಿಗೆ ಮೊದಲ ವಾರವೇ ಮುಖಕ್ಕೆ ಶೀಲ್ಡು, ಕೈಗೆ ಚರ್ಮದ ಗ್ಲೌಸು ಹಾಕದೆ ಹೋಲ್ಡರ್ ಮುಟ್ಟಬಾರದೆಂದು ಕಲಿಸಿದರು. ಆರ್ಕ್ ಒಂದೇ ಅಲ್ಲ, ಗ್ಯಾಸು, ಮಿಗ್, ಟಿಗ್ ಎನ್ನುವ ಬೇರೆ ಬಗೆಯ ವೆಲ್ಡಿಂಗು, ಡ್ರಾಯಿಂಗ್ ಓದುವುದು, ಎಲ್ಲ ಬಂತು. ಮುಗಿದ ಮೇಲೆ ಅಪ್ರೆಂಟಿಸ್ ಆಗಿ ಸೇರಿದ. ಅದು 1961ರ ಕಾಯ್ದೆಯ ಕೆಳಗೆ ಬರುವುದರಿಂದ ತಿಂಗಳು ತಿಂಗಳು ಸ್ಟೈಪೆಂಡು ಕೊಡಲೇಬೇಕು. ಈಗ ನನಗಿಂತ ಜಾಸ್ತಿ ದುಡಿಯುತ್ತಾನೆ. ನನಗೆ ಅದು ಸಂತೋಷವೇ.

ಇನ್ನು ಹತ್ತನೇ ಕ್ಲಾಸು. ಅಂಗಡಿ ಇದ್ದರೂ 2019ರಲ್ಲಿ ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಿದೆ. 15 ತುಂಬಿದ್ದರೆ ಕಟ್ಟಬಹುದು. ಕೂಲಿ ತಪ್ಪುವುದು ಪರೀಕ್ಷೆಯ ದಿನಗಳು ಮಾತ್ರ. ಗಣಿತ ಹೋಯಿತು. ಜೂನಿನ ಪೂರಕ ಪರೀಕ್ಷೆಯಲ್ಲಿ ಅದೊಂದನ್ನೇ ಬರೆದು ಪಾಸಾದೆ. ಆರೂ ಪೇಪರು ಒಟ್ಟಿಗೆ ಅಂದರೆ ಹೆದರುವವರಿಗೆ ರಾಷ್ಟ್ರೀಯ ಮುಕ್ತ ಶಾಲೆ ಇದೆ. ಐದು ವರ್ಷದಲ್ಲಿ ಒಂಬತ್ತು ಅವಕಾಶ, ಒಂದೊಂದೇ ವಿಷಯ ಮುಗಿಸಿಕೊಳ್ಳಬಹುದು. ಹತ್ತನೇ ಕ್ಲಾಸು ಇಲ್ಲದೆ ಪಕ್ಕದ ಹರಿಹರದ ಜಿಟಿಟಿಸಿಯ (ಸರ್ಕಾರಿ ಟೂಲ್ ರೂಮ್ ತರಬೇತಿ ಕೇಂದ್ರ) ಡಿಪ್ಲೊಮಾ ಕನಸಿಗೂ ಬರುವುದಿಲ್ಲ. ಅದಕ್ಕೇ ಯಾವ ಕಸುಬಿಗೆ ಹೋದರೂ ಇದನ್ನು ಬಿಡಬೇಡಿ ಎಂದು ಅಂಗಲಾಚಿ ಹೇಳುತ್ತೇನೆ.

ಹೋದ ವಾರ ಹಿಂದಿನ ಓಣಿಯ ಅಕ್ಕ ಬಂದಿದ್ದರು. ಮಗನಿಗೆ 16. ಗಂಡ ಇಲ್ಲ. ಐಟಿಐಗೆ ಕಳಿಸಿದರೆ ಮನೆ ನಡೆಯುವುದಿಲ್ಲ. ಈ ಸಲ ಎಸ್ಸೆಸ್ಸೆಲ್ಸಿ ಕಟ್ಟಿಸಿ, 18 ಆದ ಮೇಲೆ ದುರ್ಗಕ್ಕೆ ಕಳಿಸೋಣ ಎಂದೆ. "ಅಲ್ಲೀಮಟ ಭಟ್ಟೀಲೇ ಇರ್ಬೇಕೇನಪ್ಪ?" ಎಂದು ಕೇಳಿದರು. ನಾನು ಸುಮ್ನೆ ನಿಂತೆ. ಅಪ್ಪನ ಕೆಮ್ಮು ನೆನಪಾಯಿತು. ಕೊನೆಗೆ ಹುಡುಗ ನನ್ನ ಅಂಗಡಿಗೇ ಬರಲಿ, ಭಟ್ಟಿಯ ಕೂಲಿಗೆ ಕಮ್ಮಿ ಆಗದಂತೆ ಕೊಡುತ್ತೇನೆ, ಸಂಜೆ ಐದಕ್ಕೆ ಪುಸ್ತಕ ಹಿಡಿಯಬೇಕು ಎಂದು ಮಾತಾಯಿತು. ಸೋಮವಾರದಿಂದ ಬರುತ್ತಾನೆ. ನನ್ನ ಹಳೆಯ ಪುಸ್ತಕಗಳನ್ನು ಅಟ್ಟದಿಂದ ಇಳಿಸಿದ್ದೇನೆ. ಸಮಾಜ ವಿಜ್ಞಾನದ ಪಾಠಗಳು ಬದಲಾಗಿವೆ, ಅದೊಂದನ್ನು ಹೊಸದು ತರಬೇಕು.